ಉಪ್ಪಿನಲ್ಲಿ ಜೋಡಿಗಳಿಲ್ಲ

ಕೇಳುಗರಿಗೆ ನಮಸ್ಕಾರ.

ಅಡುಗೆ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ಒಂದು ಸೋಡಿಯಂ, ಒಂದು ಕ್ಲೋರಿನ್. ಶಾಲೆಯಲ್ಲಿ ಇಷ್ಟು ಕಲಿತ ಮೇಲೆ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ನಿಂತುಬಿಡುತ್ತದೆ. ಇವೆರಡೂ ಜೋಡಿಯಾಗಿ ಒಂದು ಅಣು ಆಗಿವೆ, ಅಂಥ ಅಣುಗಳು ಕೋಟಿಗಟ್ಟಲೆ ಸೇರಿ ಒಂದು ಹರಳಾಗಿದೆ ಅಂತ. ಆದರೆ ಉಪ್ಪಿನ ಹರಳಿನಲ್ಲಿ ಅಂಥ ಜೋಡಿಯೇ ಇಲ್ಲ!

ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ಪಡೆಯುತ್ತದೆ. ಒಂದಕ್ಕೆ ಧನ ಆವೇಶ, ಇನ್ನೊಂದಕ್ಕೆ ಋಣ ಆವೇಶ. ಆವೇಶ ಇರುವ ಇಂಥ ಕಣವನ್ನು ಅಯಾನು ಅನ್ನುತ್ತೇವೆ. ಕ್ಲೋರಿನ್ ಅಯಾನಿಗೆ ಕ್ಲೋರೈಡ್ ಅಂತ ಹೆಸರು. ಹರಳಿನ ಒಳಗೆ ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್ ಇವೆ. ಮೇಲೆ, ಕೆಳಗೆ, ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ. ಪ್ರತಿ ಕ್ಲೋರೈಡ್ ಸುತ್ತಲೂ ಹೀಗೇ ಆರು ಸೋಡಿಯಂ. ಆರೂ ಒಂದೇ ದೂರದಲ್ಲಿವೆ. ಹಾಗಿರುವಾಗ ಯಾವುದು ಯಾರ ಜೊತೆಗಾರ ಅಂತ ಹೇಳುವುದು?

ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಲಿಯಂ ಬ್ರ್ಯಾಗ್ ಮತ್ತು ಅವರ ಮಗ ಲಾರೆನ್ಸ್ ಬ್ರ್ಯಾಗ್. ಅದು 1913. ಮಗನಿಗೆ ಆಗಿನ್ನೂ 23 ವರ್ಷ. ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿದರೆ ಅದು ಕೆಲವೇ ದಿಕ್ಕುಗಳಿಗೆ ಚದುರುತ್ತದೆ. ಆ ಗುರುತುಗಳಿಂದ ಒಳಗಿನ ಸಾಲುಗಳನ್ನು ಲೆಕ್ಕ ಹಾಕಬಹುದು. ನನಗೆ ತುಂಬಾ ಇಷ್ಟವಾದ ಭಾಗ ಇಲ್ಲಿದೆ. ಉಪ್ಪಿನ ಜೊತೆಗೆ ಅದರ ದಾಯಾದಿ ಪೊಟ್ಯಾಸಿಯಂ ಕ್ಲೋರೈಡನ್ನೂ ಅವರು ಪರೀಕ್ಷಿಸಿದರು. ಎರಡರ ಹರಳೂ ಚೌಕ. ಆದರೆ ಗುರುತುಗಳು ಬೇರೆ ಬೇರೆ, ಪೊಟ್ಯಾಸಿಯಂನದು ಜಾಸ್ತಿ ಸರಳ. ಯಾಕೆ? ಕ್ಷ-ಕಿರಣವನ್ನು ಚದುರಿಸುವುದು ಎಲೆಕ್ಟ್ರಾನುಗಳು. ಪೊಟ್ಯಾಸಿಯಂ ಅಯಾನಿನಲ್ಲಿ 18 ಎಲೆಕ್ಟ್ರಾನ್, ಕ್ಲೋರೈಡಿನಲ್ಲೂ 18. ಎರಡೂ ಒಂದೇ ಥರ ಕಾಣುತ್ತವೆ. ಸೋಡಿಯಂ ಅಯಾನಿನಲ್ಲಿ ಇರುವುದು 10 ಮಾತ್ರ. ಹಾಗಾಗಿ ಉಪ್ಪಿನಲ್ಲಿ ಒಂದು ಬಿಟ್ಟು ಒಂದು ಕೂತ ಎರಡು ಜಾತಿಯ ಕಣಗಳು ಬೇರೆಯಾಗಿ ಕಂಡವು. 1915ರಲ್ಲಿ ತಂದೆ ಮಗ ಇಬ್ಬರಿಗೂ ನೊಬೆಲ್ ಬಂತು.

ಆದರೂ ಎಲ್ಲರೂ ಒಪ್ಪಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ 1927ರಲ್ಲಿ 'ನೇಚರ್' ಪತ್ರಿಕೆಗೆ ಸಿಟ್ಟಿನಿಂದಲೇ ಪತ್ರ ಬರೆದರು. ಉಪ್ಪು ಅಂದರೆ ಚದುರಂಗದ ಹಾಸಿನ ಹಾಗೆ ಜೋಡಿಸಿದ ಪರಮಾಣುಗಳಂತೆ, ಅಣುವೇ ಇಲ್ಲವಂತೆ, ಇದು ಬುದ್ಧಿಗೆ ಒಗ್ಗುವ ಮಾತೇ ಅಲ್ಲ ಅಂದರು. ಅವರ ಕೋಪ ನನಗೆ ಅರ್ಥವಾಗುತ್ತದೆ. ಅಣುವಿನ ಮೇಲೇ ಕಟ್ಟಿದ ರಸಾಯನಶಾಸ್ತ್ರದಲ್ಲಿ ಜೀವನ ಕಳೆದವರು ಅವರು. ಆದರೆ ಹರಳು ಬ್ರ್ಯಾಗ್ ಪರವಾಗಿಯೇ ಇತ್ತು.

ಈ ಜೋಡಣೆ ಗೊತ್ತಾದರೆ ಉಪ್ಪಿನ ಗುಣಗಳೂ ತಿಳಿಯುತ್ತವೆ. ಹರಳಿನ ಮೇಲೆ ಸರಿಯಾಗಿ ಒಂದು ಏಟು ಬಿದ್ದರೆ ಒಂದು ಪದರ ಜರುಗುತ್ತದೆ. ಆಗ ಧನದ ಎದುರು ಧನ, ಋಣದ ಎದುರು ಋಣ ಬಂದು ಒಂದನ್ನೊಂದು ತಳ್ಳುತ್ತವೆ. ಹರಳು ನುಣ್ಣಗೆ, ಚೌಕವಾಗಿಯೇ ಸೀಳುತ್ತದೆ. ಹಿಡಿತ ಎಷ್ಟು ಬಿಗಿ ಅಂದರೆ, ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಈ ಹಿಡಿತವನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಮೊದಲಿಗರು ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಮುಂದೆ 1935ರಲ್ಲಿ ಸಿ. ವಿ. ರಾಮನ್ ಅವರ ಕರೆಯ ಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು. ಸುಮಾರು 58 ಗ್ರಾಂ ಉಪ್ಪಿನ ಅಯಾನುಗಳನ್ನು ಬಿಡಿಬಿಡಿಯಾಗಿ ಎಳೆದು ದೂರ ಮಾಡಲು 787 ಕಿಲೋಜೂಲ್ ಶಕ್ತಿ ಬೇಕು. ಅಷ್ಟರಲ್ಲಿ ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು.

ಹಾಗಾದರೆ ಸಾರಿಗೆ ಹಾಕಿದ ಉಪ್ಪು ಸುಮ್ನೆ ಹೇಗೆ ಕರಗಿಹೋಗುತ್ತದೆ? ನೀರಿನ ಅಣುಗಳು ಪ್ರತಿ ಅಯಾನನ್ನೂ ಸುತ್ತುವರಿದು ಹಿಡಿದುಕೊಳ್ಳುತ್ತವೆ. ಬಿಡಿಸಲು ಖರ್ಚಾದ ಶಕ್ತಿ ಹೆಚ್ಚುಕಡಿಮೆ ಪೂರ್ತಿ ವಾಪಸ್ ಬರುತ್ತದೆ. ಆದ್ದರಿಂದಲೇ ಬಿಸಿಗೂ ಉಪ್ಪು ಕರಗುವ ಪ್ರಮಾಣಕ್ಕೂ ಅಂಥ ನಂಟಿಲ್ಲ. 100 ಗ್ರಾಂ ತಣ್ಣೀರಿನಲ್ಲಿ 36 ಗ್ರಾಂ ಕರಗಿದರೆ, ಕುದಿಯುವ ನೀರಿನಲ್ಲಿ 39 ಗ್ರಾಂ, ಅಷ್ಟೇ. ಕಾಯಿಸಿ ತಣಿಸಿದರೆ ಹರಳು ಹೆಚ್ಚೇನೂ ಬರುವುದಿಲ್ಲ, ನೀರೇ ಆರಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ತೆಗೆಯುವವರು ಬಿಸಿಲನ್ನೇ ನಂಬಿರುವುದು ಇದಕ್ಕೇ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ ಲವಣವೂ ಇದೆ. ಅದು ಕೊನೆಯ ತನಕ ನೀರಿನಲ್ಲೇ ಉಳಿಯುತ್ತದೆ. ಅದರ ಅಂಶ ಹರಳಿಗೆ ಅಂಟಿದರೆ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿ ಒದ್ದೆಯಾಗಲು ಅದು ದೊಡ್ಡ ಕಾರಣ.

ಮನೆಯಲ್ಲಿ ಮಕ್ಕಳಿದ್ದರೆ ಬೇಸಿಗೆಯಲ್ಲೇ ಇದನ್ನು ಮಾಡಿಸಿ. ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪನ್ನು ನೀರಿಗೆ ಹಾಕಿ, ಸೋಸಿ, ಅಗಲವಾದ ತಟ್ಟೆಯಲ್ಲಿ ಅಲುಗಾಡದಂತೆ ಇಡಿ. ಹರಳು ಕಟ್ಟಿದ ಮೇಲೆ ಭೂತಗನ್ನಡಿ ಹಿಡಿದು ಮೂಲೆಗಳನ್ನು ನೋಡಲು ಹೇಳಿ.

ನಮಸ್ಕಾರ.