ಎಕ್ಸ್ ಸಣ್ಣದಾಗಬೇಕಾದರೆ

ಬೋರ್ಡಿನ ಮೇಲಿರೋ ಲೆಕ್ಕ ನೋಡಿ. ಲೀಟರಿಗೆ 0.010 ಮೋಲ್ ಬೆಳ್ಳಿ ಅಯಾನು, 0.10 ಮೋಲ್ ಅಮೋನಿಯಾ. ಒಂದು ಬೆಳ್ಳಿ ಎರಡು ಅಮೋನಿಯಾ ಕಟ್ಟಿಕೊಂಡು ಸಂಕೀರ್ಣ ಅಯಾನು ಆಗುತ್ತೆ. ಕ್ರಿಯೆ ಎಷ್ಟು ಮುಂದೆ ಹೋಗಿ ಸಮತೋಲನಕ್ಕೆ ಬರುತ್ತೆ ಅಂತ ಹೇಳೋ ಸ್ಥಿರಾಂಕ ಕೆ; ಅದರ ಬೆಲೆ ಇಲ್ಲಿ 1.7 × 10⁷. ಬಿಡಿಯಾಗಿ ಉಳಿಯೋ ಬೆಳ್ಳಿ ಎಷ್ಟು?

ನಮ್ಮ ಹುಡುಗರು ಏನು ಮಾಡ್ತಾರೆ, ನಿಮಗೇ ಗೊತ್ತು. ವರ್ತಿಸಿದ್ದು ಎಕ್ಸ್ ಅಂತ ಟೇಬಲ್ ಹಾಕ್ತಾರೆ, ಘನ ಸಮೀಕರಣ ಎದುರಾಗುತ್ತೆ, ‘ಎಕ್ಸ್ ಸಣ್ಣದು, 0.010ರಿಂದ ಕಳೆಯೋದನ್ನು ಬಿಡೋಣ ಸಾರ್’ ಅಂತಾರೆ. ಬಿಟ್ಟರೆ ಎಕ್ಸ್ 1700! ಹಾಕಿದ್ದು 0.010, ಬಂದದ್ದು 1700. ದ್ರೌಪದಿಯ ಅಕ್ಷಯಪಾತ್ರೆಯೇ ಸರಿ.

ಎಕ್ಸ್ ಸಣ್ಣದೋ ದೊಡ್ಡದೋ ಅನ್ನೋದು ನಾವು ಯಾವ ತುದಿಯಲ್ಲಿ ನಿಂತು ಅಳೀತೀವಿ ಅನ್ನೋದರ ಮೇಲಿದೆ. ಇಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಬರ್ತೊಲೆಯನ್ನು ನೆನೆಯಲೇಬೇಕು. 1798ರಲ್ಲಿ ನೆಪೋಲಿಯನ್ ದಂಡಿನ ಜೊತೆ ಈಜಿಪ್ಟಿಗೆ ಹೋದವನು. ದಂಡಿನಲ್ಲಿ ರಸಾಯನಶಾಸ್ತ್ರಜ್ಞನಿಗೇನು ಕೆಲಸ ಅಂತೀರಾ? ಕೈರೋದ ವಾಯವ್ಯಕ್ಕಿರುವ ನೇಟ್ರಾನ್ ಸರೋವರಗಳ ದಡದಲ್ಲಿ ಸೋಡಿಯಂ ಕಾರ್ಬೊನೇಟ್, ಅಂದರೆ ಸೋಡಾ, ಹೆಪ್ಪುಗಟ್ಟಿದ್ದನ್ನು ಕಂಡ. ಪ್ರಯೋಗಶಾಲೆಯಲ್ಲಿ ಸೋಡಾ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕಿಳಿಯುತ್ತೆ, ಉಪ್ಪು ನೀರಲ್ಲಿ ಉಳಿಯುತ್ತೆ. ಅಲ್ಲಿ ಸುಣ್ಣದಕಲ್ಲಿನ ಮೇಲೆ ಬೇಕಾದಷ್ಟು ಉಪ್ಪುನೀರು. ಕ್ರಿಯೆ ಹಿಮ್ಮುಖವಾಗಿ ನಡೆದಿತ್ತು! ಯಾವುದು ಎಷ್ಟಿದೆ ಅನ್ನೋದೂ ದಿಕ್ಕನ್ನು ತೀರ್ಮಾನಿಸುತ್ತೆ ಅಂತ ಅವನಿಗೆ ಹೊಳೆಯಿತು. ಸಮತೋಲನಕ್ಕೆ ನೀವು ಯಾವ ಕಡೆಯಿಂದ ಬಂದಿರಿ ಅನ್ನೋದು ಬೇಕಿಲ್ಲ.

ಹಾಂ, ಲೆಕ್ಕ. ಕೆ ಇಷ್ಟು ದೊಡ್ಡದಿದ್ದಾಗ ಮೊದಲು ಕ್ರಿಯೆಯನ್ನು ಪೂರ್ತಿ ಮುಂದಕ್ಕೆ ತಳ್ಳಿಬಿಡಿ. ಬೆಳ್ಳಿ ಸೊನ್ನೆ, ಸಂಕೀರ್ಣ 0.010, ಅಮೋನಿಯಾ 0.10ರಿಂದ 0.020 ಕಳೆದು 0.080. ಎರಡರಿಂದ ಗುಣಿಸೋದನ್ನು ಮರೆತು 0.090 ಬರೆಯೋರೇ ಹೆಚ್ಚು. ಈಗ ಹಿಂದಕ್ಕೆ ಬನ್ನಿ: ಒಡೆಯೋದು ಎಕ್ಸ್. 0.010ನ್ನು 1.7 × 10⁷ರಿಂದಲೂ 0.080ರ ವರ್ಗದಿಂದಲೂ ಭಾಗಿಸಿ. ಬೆಳ್ಳಿ 9.2 × 10⁻⁸. 0.010ರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಈಗ ಬಿಡಿ, ಧಾರಾಳವಾಗಿ ಬಿಡಿ.

ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ, ಬೇಗ ಹೇಳ್ತೀನಿ. ಎರಡು ತುದಿಗೂ ದೂರವಾಗಿ ನಡುವೆ ನಿಲ್ಲೋ ಲೆಕ್ಕಗಳಿವೆ. ನೀರಲ್ಲಿ ಒಂದಷ್ಟು ಮಾತ್ರ ಅಯಾನುಗಳಾಗಿ ಒಡೆಯೋ ಕ್ಲೋರೋಅಸಿಟಿಕ್ ಆಮ್ಲ ಲೀಟರಿಗೆ 0.010 ಮೋಲ್, ಕೆ 1.4 × 10⁻³, ಒಡೆಯೋದು ಎಕ್ಸ್. ಎಕ್ಸ್ ಬಿಟ್ಟರೆ ಉತ್ತರ 3.7 × 10⁻³, ಅಂದರೆ ಶೇಕಡಾ 37. ಶೇಕಡಾ ಐದರೊಳಗಿದ್ದರೆ ಮಾತ್ರ ಎಕ್ಸ್ ಬಿಡಬಹುದು ಅನ್ನೋ ಗಡಿ ಎಲ್ಲೋ ಹೋಯಿತು. ಅದನ್ನೇ 0.010ರಿಂದ ಕಳೆದು, ಕೆಯಿಂದ ಗುಣಿಸಿ, ಮತ್ತೆ ವರ್ಗಮೂಲ ತೆಗೆಯಿರಿ: 3.0 × 10⁻³. ಇನ್ನೊಮ್ಮೆ: 3.1 × 10⁻³. ಅಲ್ಲೇ ನಿಲ್ಲುತ್ತೆ.

ವರ್ಗ ಸಮೀಕರಣವನ್ನೇ ಬಿಡಿಸಿದರೆ ಮೂಲ ಎರಡು ಬರುತ್ತೆ. ಹೈಡ್ರೋಜನ್ ಮತ್ತು ಅಯೋಡಿನ್ ಸೇರಿ ಹೈಡ್ರೋಜನ್ ಅಯೋಡೈಡ್ ಆಗೋ ಕ್ರಿಯೆ ನೋಡಿ. ಹೈಡ್ರೋಜನ್ 1 ಮೋಲ್, ಅಯೋಡಿನ್ 2 ಮೋಲ್, ಕೆ 50, ಖರ್ಚಾಗೋ ಹೈಡ್ರೋಜನ್ ಎಕ್ಸ್: ಎಕ್ಸ್ 0.93 ಅಥವಾ 2.33. ಇದ್ದ ಹೈಡ್ರೋಜನ್ ಒಂದೇ; 2.33 ಖರ್ಚು ಮಾಡೋಕೆ ಫ್ಲಾಸ್ಕಿನೊಳಗೆ ಸಾಲ ಕೊಡೋರು ಯಾರಿದ್ದಾರೆ?