ಎತ್ತಿಟ್ಟ ಉಣ್ಣೆ

ಕೇಳುಗರಿಗೆ ನಮಸ್ಕಾರ.

ನಾನು 48 ವರ್ಷದಿಂದ ಇರುವ ಊರು ಡಾಂಕಾಸ್ಟರ್. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿದೆ. ಊರಿನವರು ಅಷ್ಟುದ್ದ ಹೇಳುವುದಿಲ್ಲ, ಮುದ್ದಾಗಿ ಡಾನಿ ಅಂತಾರೆ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಅನ್ನುವ ಉಗಿ ಎಂಜಿನ್ನಿನ ಹೆಸರು ಕೇಳಿರಬಹುದು. ಅದು 1923ರಲ್ಲಿ ತಯಾರಾಗಿದ್ದು ಇದೇ ಊರಿನ ರೈಲ್ವೆ ಕಾರ್ಖಾನೆಯಲ್ಲಿ. ಸುತ್ತಮುತ್ತ ಕಲ್ಲಿದ್ದಲು ಗಣಿಗಳಿದ್ದವು. ಕುದುರೆ ಜೂಜಿಗೂ ಊರು ಪ್ರಸಿದ್ಧ. ಇಲ್ಲಿನ ಸೇಂಟ್ ಲೆಜರ್ ಓಟ 1776ರಿಂದ ನಡೆದುಕೊಂಡು ಬಂದಿದೆ. ಊರಿನ ಪರಿಚಯ ಇಷ್ಟು ಸಾಕು. ನಾನು ಹೇಳಹೊರಟಿದ್ದು ಅಲ್ಲಿನ ಅಂಗಡಿಗಳ ಕತೆ.

1976ರ ನವೆಂಬರ್‌ನಲ್ಲಿ ದಾವಣಗೆರೆಯಿಂದ ಹೋಗಿ ಇಳಿದೆ. ನಮ್ಮವರು ಡಾಕ್ಟರು. ಆ ಕಾಲದಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ನಮ್ಮ ಕಡೆಯ ಡಾಕ್ಟರುಗಳು ತುಂಬಾ ಜನ ಹೋಗುತ್ತಿದ್ದರು. ಬೆಳಿಗ್ಗೆ ಇವರು ಡ್ಯೂಟಿಗೆ ಹೊರಟರೆ ಮನೆಯಲ್ಲಿ ನಾನು ಮತ್ತು ಒಂದು ಗ್ಯಾಸ್ ಹೀಟರು. ಸಂಜೆ ನಾಲ್ಕಕ್ಕೇ ಕತ್ತಲೆ. ಯಾರ ಹತ್ತಿರ ಮಾತಾಡುವುದು? ಅದಕ್ಕೇ ಅಂಗಡಿಗೆ ಹೊರಡುತ್ತಿದ್ದೆ. ಉಪ್ಪು ಇದ್ದರೂ ಉಪ್ಪು ತಂದ ದಿನಗಳಿವೆ.

ಮೊದಲ ಪೆಟ್ಟು ಕೊಟ್ಟಿದ್ದು ತಕ್ಕಡಿ. ನಮ್ಮಲ್ಲಿ ನಯಾಪೈಸೆ 1957ರಲ್ಲೇ ಬಂದಿತ್ತು, ನಾನು ಸ್ಕೂಲಲ್ಲಿ ಕಲಿತಿದ್ದೂ ಕಿಲೋ, ಗ್ರಾಮೇ. ಮುಂದುವರಿದ ದೇಶಕ್ಕೆ ಬಂದೆ ಅಂದುಕೊಂಡರೆ ಇಲ್ಲಿ ಪೌಂಡು, ಔನ್ಸು! ದುಡ್ಡಿನ ಲೆಕ್ಕ ಸರಿ ಮಾಡಿಕೊಂಡಿದ್ದೂ 1971ರ ಫೆಬ್ರವರಿ 15ರಂದು. ಅಲ್ಲಿಯವರೆಗೆ 12 ಪೆನ್ನಿಗೆ ಒಂದು ಶಿಲ್ಲಿಂಗು, 20 ಶಿಲ್ಲಿಂಗಿಗೆ ಒಂದು ಪೌಂಡು. ನಾನು ಹೋದಾಗಲೂ ಮುದುಕಿಯರು 50 ಪೆನ್ನಿಯ ನಾಣ್ಯ ಹಿಡಿದುಕೊಂಡು 'ಟೆನ್ ಬಾಬ್' ಅಂತಲೇ ಹೇಳುತ್ತಿದ್ದರು. ಬಾಬ್ ಅಂದರೆ ಶಿಲ್ಲಿಂಗು. ನಮ್ಮಜ್ಜಿ ಕಡೇವರೆಗೂ ನಾಲ್ಕಾಣೆ, ಎಂಟಾಣೆ ಬಿಡಲಿಲ್ಲವಲ್ಲ, ಹಾಗೇ.

ನಮ್ಮ ಬೀದಿಯ ತಿರುವಿನಲ್ಲಿ ತರಕಾರಿ ಅಂಗಡಿ. ಕಂದು ಕಾಗದದ ಚೀಲಗಳನ್ನು ಹುರಿಗೆ ಪೋಣಿಸಿ ಮೊಳೆಗೆ ನೇತುಹಾಕಿರುತ್ತಿದ್ದ. ಒಂದನ್ನು ಸರಕ್ಕನೆ ಕಿತ್ತು, ಉಫ್ ಅಂತ ಊದಿ ಬಿಡಿಸಿ, ತಕ್ಕಡಿಯ ತಟ್ಟೆಯಿಂದ ಆಲೂಗಡ್ಡೆ ಸುರಿದು, ಚೀಲದ ಎರಡು ಮೂಲೆ ಹಿಡಿದು ಗಾಳಿಯಲ್ಲಿ ಗಿರ್ರನೆ ಎರಡು ಸುತ್ತು ತಿರುಗಿಸುತ್ತಿದ್ದ. ಮೊಲದ ಕಿವಿಯ ಹಾಗೆ ಎರಡು ಗಂಟು ಬಿದ್ದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ನಾನೂ ಮನೆಯಲ್ಲಿ ಮಾಡಿ ನೋಡಿದೆ. ಅಡುಗೆಮನೆ ತುಂಬಾ ಆಲೂಗಡ್ಡೆ. ತೂಕ ಆದ ಮೇಲೆ ಅವನು ಒಂದು ಕ್ಯಾರೆಟ್ ಮೇಲೆ ಹಾಕುತ್ತಿದ್ದ. ಕೊಸರು! ಯಾರ್ಕ್‌ಶೈರಿನವರು ಜಿಪುಣರು ಅಂತ ಉಳಿದ ಇಂಗ್ಲಿಷರು ಆಡಿಕೊಳ್ಳುತ್ತಾರೆ. ಅವರಿಗೆ ಕೊಸರು ಸಿಕ್ಕಿರಲಿಕ್ಕಿಲ್ಲ.

ಅವನ ಹತ್ತಿರ ಹಸಿಮೆಣಸಿನಕಾಯಿ ಇರಲಿಲ್ಲ. ಕೊತ್ತಂಬರಿ ಅಂತ ತಿಳಿದು ಪಾರ್ಸ್ಲಿ ತಂದು ಚಟ್ನಿ ರುಬ್ಬಿದ್ದೂ ಆಯಿತು. ಅದರ ರುಚಿ ಬಗ್ಗೆ ಮಾತು ಬೇಡ.

ಇನ್ನು ಫಿಶ್ ಅಂಡ್ ಚಿಪ್ಸ್ ಅಂಗಡಿ. ನಾವು ಮೀನು ತಿನ್ನದವರು, ಚಿಪ್ಸ್ ಮಾತ್ರ ತರುತ್ತಿದ್ದೆವು. ದಪ್ಪ ದಪ್ಪ ಆಲೂಗಡ್ಡೆ ತುಂಡು, ಮೇಲೆ ಉಪ್ಪು, ವಿನೆಗರ್. ಕಾಗದದ ಪೊಟ್ಟಣ ಬಿಚ್ಚಿದರೆ ಹಬೆಗೆ ಕನ್ನಡಕ ಮಸುಕಾಗಬೇಕು. ಚಳಿಯಲ್ಲಿ ಅದರಂಥ ಸುಖ ಇನ್ನೊಂದಿಲ್ಲ. ಎರಡು ವರ್ಷ ಚಪ್ಪರಿಸಿಕೊಂಡು ತಿಂದ ಮೇಲೆ ಯಾರೋ ಹೇಳಿದರು: ಯಾರ್ಕ್‌ಶೈರಿನಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ, ರುಚಿಯ ಗುಟ್ಟೇ ಅದು ಅಂತ. ಈ ವಿಷಯ ಅಮ್ಮನಿಗೆ ಕಾಗದದಲ್ಲಿ ಬರೆಯಲಿಲ್ಲ. ಈಗ ಅಮ್ಮ ಇಲ್ಲ, ಅದಕ್ಕೇ ಧೈರ್ಯವಾಗಿ ರೇಡಿಯೋದಲ್ಲಿ ಹೇಳುತ್ತಿದ್ದೇನೆ.

ವಾರದ ಮಧ್ಯೆ ಒಂದು ದಿನ ಮಧ್ಯಾಹ್ನವೇ ಅಂಗಡಿಗಳ ಬಾಗಿಲು ಬೀಳುತ್ತಿತ್ತು. ಭಾನುವಾರವಂತೂ ಊರೇ ನಿದ್ದೆ. ಕಾನೂನೇ ಹಾಗಿತ್ತು. ಅದರಲ್ಲೂ ವಿಚಿತ್ರ ನೋಡಿ, ಭಾನುವಾರ ಪೇಪರ್ ಮಾರಬಹುದು, ಬೈಬಲ್ ಮಾರುವಂತಿಲ್ಲ! 1994ರಲ್ಲಿ ಕಾನೂನು ಬದಲಾದ ಮೇಲೆ ಭಾನುವಾರವೂ ದೊಡ್ಡ ಅಂಗಡಿಗಳು ಆರು ಗಂಟೆ ತೆರೆಯತೊಡಗಿದವು. ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದು ಮೂಲೆ ಅಂಗಡಿ. ನಮ್ಮ ಮೂಲೆ ಅಂಗಡಿಯವರು ಗುಜರಾತಿನವರು, ಉಗಾಂಡಾದಿಂದ ಬಂದವರು. 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾ ಮೂಲದವರನ್ನು ಓಡಿಸಿದಾಗ ಸುಮಾರು 28 ಸಾವಿರ ಜನ ಬ್ರಿಟನ್ನಿಗೆ ಬಂದರಲ್ಲ, ಅವರಲ್ಲೊಬ್ಬರು. ಬೆಳಗಿನ ಜಾವ ಪೇಪರ್ ಕಟ್ಟು ಬಿಚ್ಚುವುದರಿಂದ ಹಿಡಿದು ರಾತ್ರಿ ಒಂಬತ್ತರವರೆಗೆ ಗಂಡ ಹೆಂಡತಿ ಸರದಿ ಮೇಲೆ ನಿಲ್ಲುತ್ತಿದ್ದರು. ನನ್ನನ್ನು ಬೆಹೆನ್ ಅಂತ ಕರೆಯುತ್ತಿದ್ದರು. ತೊಗರಿಬೇಳೆಯನ್ನು ಗಲ್ಲಾದ ಕೆಳಗೆ ಬಚ್ಚಿಟ್ಟು ಕೊಡುತ್ತಿದ್ದರು, ಕಳ್ಳ ಸಾಗಣೆ ಮಾಲಿನ ಹಾಗೆ.

ಬ್ರಿಟನ್ನಿನಲ್ಲಿ ಎಲ್ಲರೂ ನೋಡಿ ನಕ್ಕ ಒಂದು ಟಿವಿ ಧಾರಾವಾಹಿ ಇದೆ, ಓಪನ್ ಆಲ್ ಅವರ್ಸ್. ಜಿಪುಣ ಮೂಲೆ ಅಂಗಡಿಯವನ ಕತೆ. ಅವನ ಗಲ್ಲಾಪೆಟ್ಟಿಗೆ ಬೆರಳು ಕಚ್ಚುವ ಹಾಗೆ ಮುಚ್ಚಿಕೊಳ್ಳುತ್ತದೆ. ಅದರ ಅಂಗಡಿ ಇದ್ದಿದ್ದು ನಮ್ಮೂರಲ್ಲೇ, ಬಾಲ್ಬಿಯ ಲಿಸ್ಟರ್ ಅವೆನ್ಯೂದಲ್ಲಿ. ಆದರೆ ಅದು ನಿಜವಾಗಿ ಹೆಂಗಸರು ತಲೆಗೂದಲು ಮಾಡಿಸಿಕೊಳ್ಳುವ ಸಲೂನು. ಶೂಟಿಂಗ್ ಇದ್ದಾಗ ಮಾತ್ರ ಹೊರಗೆ ಪೊರಕೆ, ಬಕೆಟ್ಟು ಇಟ್ಟು ಕಿರಾಣಿ ಅಂಗಡಿ ಮಾಡುತ್ತಿದ್ದರು. ಇವತ್ತಿಗೂ ಜನ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಿಜವಾದ ಮೂಲೆ ಅಂಗಡಿಗಳ ಮುಂದೆ ಯಾರೂ ತೆಗೆಸಿಕೊಳ್ಳಲಿಲ್ಲ. ನನ್ನ ಹತ್ತಿರವೂ ಒಂದು ಫೋಟೋ ಇಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರವಾಗಿದ್ದು ಉಣ್ಣೆ ಅಂಗಡಿ. ಚಿಕ್ಕದು, ನಾಲ್ಕು ಜನ ನಿಂತರೆ ಐದನೆಯವರು ಬಾಗಿಲ ಹೊರಗೆ. ಗೋಡೆ ತುಂಬಾ ಚೌಕ ಚೌಕ ಗೂಡು, ಗೂಡು ತುಂಬಾ ಬಣ್ಣಬಣ್ಣದ ಉಂಡೆ. ನಾನು ದಾವಣಗೆರೆಯಲ್ಲಿ ಟೇಬಲ್ ಕ್ಲಾತಿಗೆ ಕ್ರೋಶಾ ಹಾಕಿದವಳು. ಸ್ವೆಟರ್ ಹಾಕಲು ಹೇಳಿಕೊಟ್ಟಿದ್ದು ಆ ಅಂಗಡಿಯಾಕೆ, ಕೌಂಟರಿನ ಆಚೆ ನಿಂತುಕೊಂಡೇ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಎಲ್ಲರನ್ನೂ 'ಲವ್' ಅಂತ ಕರೆಯುವುದು ಅಲ್ಲಿನ ವಾಡಿಕೆ, ನಾವು ಅಕ್ಕಾ ಅಂದ ಹಾಗೆ. ಮೊದಲ ವಾರ ಬಸ್ ಕಂಡಕ್ಟರ್ ನನ್ನನ್ನು ಲವ್ ಅಂದಾಗ ನಮ್ಮವರ ಮುಖ ನೋಡಬೇಕಿತ್ತು.

ಆ ಅಂಗಡಿಯಲ್ಲಿ ಎತ್ತಿಡುವ ಪದ್ಧತಿ ಇತ್ತು. ಒಂದು ಸ್ವೆಟರಿಗೆ ಹತ್ತು ಉಂಡೆ ಬೇಕು ಅನ್ನಿ. ಉಣ್ಣೆಗೆ ಒಂದೊಂದು ಸಲ ಬಣ್ಣ ಹಾಕಿದಾಗಲೂ ಛಾಯೆ ಒಂದು ಕೂದಲೆಳೆ ಬದಲಾಗುತ್ತದೆ. ಅದಕ್ಕೇ ಉಂಡೆಯ ಪಟ್ಟಿ ಮೇಲೆ ನಂಬರ್ ಇರುತ್ತದೆ. ಇವತ್ತು ಐದು ತಂದು, ಮುಂದಿನ ತಿಂಗಳು ಬೇರೆ ನಂಬರಿನ ಐದು ತಂದರೆ ಮೈ ಒಂದು ಬಣ್ಣ, ತೋಳು ಒಂದು ಬಣ್ಣ. ಆದರೆ ಹತ್ತಕ್ಕೂ ಒಟ್ಟಿಗೆ ದುಡ್ಡು ಯಾರ ಹತ್ತಿರ ಇರುತ್ತಿತ್ತು? ಆಕೆ ಹತ್ತನ್ನೂ ಒಂದು ಚೀಲಕ್ಕೆ ಹಾಕಿ, ಹೆಸರು ಬರೆದು, ಒಳಗಿನ ಕಪಾಟಿನಲ್ಲಿ ಎತ್ತಿಡುತ್ತಿದ್ದರು. ವಾರಕ್ಕೆ ಒಂದೋ ಎರಡೋ ಉಂಡೆಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು. ನನ್ನ ಹೆಸರು ಎರಡು ಸಲ ಕೇಳಿದರು, ಬರೆಯಲು ಬರಲಿಲ್ಲ. ಅವತ್ತು ಕೋಟಿನ ಕೆಳಗೆ ಗುಲಾಬಿ ಸೀರೆ ಉಟ್ಟಿದ್ದೆ. ಚೀಟಿ ಮೇಲೆ 'ಪಿಂಕ್ ಸಾರಿ' ಅಂತ ಬರೆದರು. ಆಮೇಲೆ ನಾನು ಯಾವ ಬಣ್ಣ ಉಟ್ಟರೂ ಆ ಕಪಾಟಿನಲ್ಲಿ ಪಿಂಕ್ ಸಾರಿಯೇ.

1984ರ ಮಾರ್ಚ್‌ನಲ್ಲಿ ಗಣಿ ಮುಷ್ಕರ ಶುರುವಾಯಿತು. ಒಂದು ವರ್ಷ ನಡೆಯಿತು. ಗಣಿಯವರ ಮನೆಗೆ ಸಂಬಳ ಇಲ್ಲ. ಮೂಲೆ ಅಂಗಡಿಯಲ್ಲಿ ಒಂದು ಬೋರ್ಡ್ ಇತ್ತು: ದಯವಿಟ್ಟು ಸಾಲ ಕೇಳಬೇಡಿ, ಇಲ್ಲ ಅಂದರೆ ನಿಮಗೇ ಬೇಜಾರು. ನಮ್ಮ ದಾವಣಗೆರೆಯ ಚೌಕಿಪೇಟೆಯಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತಿರುತ್ತಿತ್ತಲ್ಲ, ಅದರ ಇಂಗ್ಲಿಷ್ ತಮ್ಮ. ಆ ಬೋರ್ಡಿನ ಕೆಳಗೇ ಕೂತು ಆ ಗುಜರಾತಿಯವರು ಉದ್ರಿ ಪುಸ್ತಕ ತುಂಬಿಸುತ್ತಿದ್ದರು. ಉಣ್ಣೆ ಅಂಗಡಿಯ ಒಳಗಿನ ಕಪಾಟೂ ತುಂಬಿತು. ಗಣಿಯವರ ಹೆಂಡಂದಿರ ಚೀಲಗಳು ತಿಂಗಳುಗಟ್ಟಲೆ ಅಲ್ಲಾಡಲಿಲ್ಲ. ಅವನ್ನು ಬಿಚ್ಚಿ ಮತ್ತೆ ಮಾರಾಟಕ್ಕೆ ಇಡಬಹುದಿತ್ತು. ಆಕೆ ಕಪಾಟಿನ ಮೇಲೆ ಇನ್ನೊಂದು ಹಲಗೆ ಹೊಡೆಸಿದರು, ಅಷ್ಟೇ. ಮುಷ್ಕರ ಸೋತಿತು. ನಮ್ಮೂರ ಸುತ್ತಿನ ಗಣಿಗಳು ಒಂದೊಂದೇ ಮುಚ್ಚಿದವು. ಕೊನೆಯದು, ಹ್ಯಾಟ್‌ಫೀಲ್ಡ್, 2015ರಲ್ಲಿ. ಗಣಿ ಹೋದರೆ ಸಂಬಳ ಹೋಯಿತು, ಸಂಬಳ ಹೋದರೆ ಶನಿವಾರದ ವ್ಯಾಪಾರ ಹೋಯಿತು. ಹತ್ತಿ ಗಿರಣಿ ಮುಚ್ಚಿದ ದಾವಣಗೆರೆಯವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಲ್ಲ ತಪ್ಪನ್ನೂ ಗಣಿಯ ಮೇಲೆ ಹೊರಿಸಿದರೆ ಸುಳ್ಳಾಗುತ್ತದೆ. ನಾವು ಕಾರು ತೆಗೆದುಕೊಂಡೆವು. ಊರ ಹೊರಗೆ ದೊಡ್ಡ ಸೂಪರ್‌ಮಾರ್ಕೆಟ್ ಬಂತು, ಪಾರ್ಕಿಂಗ್ ಪುಕ್ಕಟೆ. ಅಲ್ಲಿ ಹಸಿಮೆಣಸಿನಕಾಯಿ ಇತ್ತು, ಕೊತ್ತಂಬರಿಯೂ ಬಂತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು. ಶನಿವಾರ ಒಂದು ಸಲ ಹೋದರೆ ವಾರದ ಸಾಮಾನು ಮುಗಿಯಿತು. ತರಕಾರಿಯವನ ಅಂಗಡಿ ಮುಂದೆ ಕಾರಿನಲ್ಲಿ ಹೋಗುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಒಂದು ದಿನ ನೋಡಿದರೆ ಷಟರ್ ಎಳೆದಿತ್ತು. ಯಾವತ್ತಿನಿಂದ ಎಳೆದಿತ್ತೋ.

ದೊಡ್ಡವೂ ಉಳಿಯಲಿಲ್ಲ. ವೂಲ್‌ವರ್ತ್ಸ್ ಅಂತ ಊರೂರಲ್ಲಿ ಇದ್ದ, ಎಲ್ಲ ಬಗೆಯ ಸಾಮಾನಿನ ಅಂಗಡಿ ಬ್ರಿಟನ್ನಿಗೆ ಬಂದಿದ್ದು 1909ರಲ್ಲಿ, ಲಿವರ್‌ಪೂಲಿಗೆ. ಕೊನೆಯ ಅಂಗಡಿಗಳು ಬಾಗಿಲು ಹಾಕಿದ್ದು 2009ರ ಜನವರಿಯಲ್ಲಿ. ಬೇಕಾದ ಮಿಠಾಯಿ ಆರಿಸಿ ಕಾಗದದ ಕಪ್ಪಿಗೆ ತುಂಬಿಕೊಳ್ಳುವ ಆಟ ಅಲ್ಲಿಗೆ ಮುಗಿಯಿತು. ನನ್ನ ಮಗ ಗುಲಾಬಿ ಬಣ್ಣದ್ದನ್ನೆಲ್ಲ ಆರಿಸಿಕೊಳ್ಳುತ್ತಿದ್ದ.

ಮಾರ್ಕೆಟ್ ಮಾತ್ರ ಇದೆ. 1248ರಲ್ಲಿ ರಾಜನ ಅಪ್ಪಣೆ ಪತ್ರ ಪಡೆದ ಮಾರ್ಕೆಟ್, ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದರೊಳಗಿನ ಉಣ್ಣೆ ಮಾರ್ಕೆಟ್ಟನ್ನು 2019ರಲ್ಲಿ ರಿಪೇರಿ ಮಾಡಿ ತಿಂಡಿ, ಪಾನೀಯದ ಅಂಗಡಿಗಳನ್ನು ತುಂಬಿದ್ದಾರೆ. ಹೆಸರು ಮಾತ್ರ ಇನ್ನೂ ವೂಲ್ ಮಾರ್ಕೆಟ್. ಕಾಫಿ ಚೆನ್ನಾಗಿದೆ, ಬೈಯಲು ಮನಸ್ಸು ಬರುವುದಿಲ್ಲ. 2022ರಲ್ಲಿ ಡಾಂಕಾಸ್ಟರಿಗೆ ಸಿಟಿ ಅಂತ ಪಟ್ಟವೂ ಸಿಕ್ಕಿತು. ಪಟ್ಟಣವಾಗಿದ್ದಾಗ ಅಂಗಡಿ ಜಾಸ್ತಿ ಇದ್ದವು.

ಒಮ್ಮೆ ಬಸ್ ಸ್ಟಾಪಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಮುಚ್ಚಿದ ಷಟರುಗಳನ್ನು ತೋರಿಸಿ, 'ಈ ಊರು ಮುಂಚಿನ ಹಾಗಿಲ್ಲ' ಅಂದರು. ಆಮೇಲೆ ನನ್ನ ಮುಖ ನೋಡಿ ಗಾಬರಿಯಾಗಿ, 'ನಿಮಗಲ್ಲ ಲವ್' ಅಂದರು. ಇಬ್ಬರೂ ನಕ್ಕೆವು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಮುಂಚಿನ ಹಾಗಿಲ್ಲದ ಊರಿನಲ್ಲಿ ನಾನೂ ಒಂದು ಗುರುತು, ಅಲ್ವಾ? ನಾನು ಅಳುವುದೂ ಅವರು ಅಳುವ ಅಂಗಡಿಗಳಿಗೇ.

ಬುದ್ಧಿ ಬಂತು ಅಂದುಕೊಳ್ಳಬೇಡಿ. 2004ರಲ್ಲಿ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಅಲ್ಲಿನವರು ತುಂಬಾ ಜನ ನಮ್ಮೂರಿಗೆ ಬಂದರು. ತರಕಾರಿ ಅಂಗಡಿಯ ಜಾಗದಲ್ಲಿ ಓದಲು ಬಾರದ ಬೋರ್ಡ್ ಎದ್ದಿತು. 'ಏನು ಊರಪ್ಪಾ ಇದು' ಅಂದವಳು ನಾನೇ. ಮೂರು ತಿಂಗಳು ಒಳಗೆ ಕಾಲಿಡಲಿಲ್ಲ. ಒಂದು ದಿನ ಬಾಗಿಲಲ್ಲಿ ಬಕೆಟ್ಟಿನಲ್ಲಿ ಏನೋ ಹಸಿರು. ಬಗ್ಗಿ ಮೂಸಿದೆ. ಸಬ್ಬಸಿಗೆ! ದಾವಣಗೆರೆ ಸಂತೆಯಲ್ಲಿ ಸಿಗುವಂಥ ಕಟ್ಟು ಕಟ್ಟು ಸಬ್ಬಸಿಗೆ ಸೊಪ್ಪು. ಅವರು ಸೌತೆಕಾಯಿ ಉಪ್ಪಿನಕಾಯಿಗೆ, ಆಲೂಗಡ್ಡೆಗೆ ಹಾಕುತ್ತಾರಂತೆ. ನಾಲ್ಕು ಕಟ್ಟು ತೆಗೆದುಕೊಂಡೆ. ಗಲ್ಲಾದಲ್ಲಿದ್ದ ಹುಡುಗಿಗೆ ಆಶ್ಚರ್ಯ, ಇಷ್ಟೊಂದು ಏನು ಮಾಡುತ್ತೀರಿ ಅಂತ. ಹೆಸರುಬೇಳೆ ಹಾಕಿ ಪಲ್ಯ ಮಾಡಿ ಮಾರನೇ ದಿನ ಡಬ್ಬಿಯಲ್ಲಿ ಕೊಟ್ಟು ಬಂದೆ. ಡಬ್ಬಿ ವಾಪಸ್ಸು ಬರುವಾಗ ಅದರಲ್ಲಿ ಎರಡು ಉಪ್ಪಿನಕಾಯಿ ಸೌತೆ ಇದ್ದವು.

ಉಣ್ಣೆ ಅಂಗಡಿ ಮುಚ್ಚಿದ್ದು 1998ರಲ್ಲಿ. ನಾನು ಹೋಗದೆ ಎಷ್ಟೋ ವರ್ಷವಾಗಿತ್ತು. ಮಗನಿಗೆ ಹತ್ತು ವರ್ಷ ತುಂಬಿದಾಗ ಸಾಸಿವೆ ಬಣ್ಣದ ಸ್ವೆಟರ್ ಶುರು ಮಾಡಿದ್ದೆ. ಮೈ ಮುಗಿದು, ಒಂದು ತೋಳು ಮುಗಿಯುವಷ್ಟರಲ್ಲಿ ಅವನು 'ಅಮ್ಮಾ, ಸ್ಕೂಲಲ್ಲಿ ಇಂಥದ್ದು ಯಾರೂ ಹಾಕಲ್ಲ' ಅಂದ. ಅಲ್ಲಿಗೇ ಕಡ್ಡಿ ಚುಚ್ಚಿ ಪೆಟ್ಟಿಗೆಗೆ ಹಾಕಿದ್ದೆ.

ಆಕೆ ಮನೆ ಹುಡುಕಿಕೊಂಡು ಬಂದರು. ವಯಸ್ಸಾಗಿತ್ತು, ಕನ್ನಡಕಕ್ಕೆ ಅದೇ ದಾರ. ಕೈಯಲ್ಲಿ ಒಂದು ಚೀಲ, ಒಳಗೆ ಮೂರು ಸಾಸಿವೆ ಉಂಡೆ. ಚೀಟಿ ಮಾಸಿದ್ದರೂ ಅಕ್ಷರ ಓದುವ ಹಾಗಿತ್ತು, ಪಿಂಕ್ ಸಾರಿ. ನಾನು ಪ್ಯಾಂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ದುಡ್ಡು ಕೊಡಲು ಹೋದರೆ, ಚೀಟಿ ಮೇಲಿದ್ದ ಹಳೇ ರೇಟಿನ ಮೇಲೆ ಒಂದು ಪೆನ್ನಿ ಜಾಸ್ತಿ ತೆಗೆದುಕೊಳ್ಳಲಿಲ್ಲ. ಟೀ ಕುಡಿದರು. ಹೊರಡುವಾಗ ಕೋಟಿನ ಜೇಬಿನಿಂದ ಒಂದು ರಟ್ಟಿಗೆ ಹೊಲಿದ ಆರು ಗುಂಡಿ ತೆಗೆದು ಮೇಜಿನ ಮೇಲಿಟ್ಟರು. ಕೊಸರು.

ಮೊನ್ನೆ ಪೆಟ್ಟಿಗೆ ತೆಗೆದೆ. ಉಂಡೆ ಮೂರೂ ಇವೆ. ಹೆಣೆದ ಮೈಗೆ ಹಿಡಿದು ಕಿಟಕಿಯ ಬೆಳಕಿನಲ್ಲಿ ನೋಡಿದೆ, ಬಣ್ಣ ಹೊಂದುತ್ತದೆ. ಒಂದು ತೋಳು ಬಾಕಿ. ಮೊಮ್ಮಗನಿಗೆ ಮುಂದಿನ ತಿಂಗಳು ಹತ್ತು ತುಂಬುತ್ತದೆ.

ನಮಸ್ಕಾರ.