ಕೋಳಿಯ ಎತ್ತರಕ್ಕೆ ಕೂತು ಉಸಿರಾಡಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆ ಹಾನಗಲ್ ಕಡೆಯವನು, ಬ್ರಾಯ್ಲರ್ ಕೋಳಿ ಸಾಕುತ್ತೇನೆ. ನಮ್ಮ ಕಡೆ ಜುಲೈ ಬಂತೆಂದರೆ ಜಿಟಿಜಿಟಿ ಮಳೆ ಹಿಡಿಯುತ್ತದೆ, ಗೊತ್ತಲ್ವಾ? ಅಂಥದೊಂದು ಮಳೆಗಾಲದಲ್ಲಿ 25 ದಿನದ ಮರಿಗಳು ಸಾಯತೊಡಗಿದವು. ಮೊದಲ ದಿನ 5, ಆಮೇಲೆ 12, ಆಮೇಲೆ 20. ಪಶುವೈದ್ಯರು ಬಂದು ಸತ್ತ ಕೋಳಿ ಕೊಯ್ದು ತೋರಿಸಿದರು. ಲಿವರ್ ಮೇಲೆ, ಹೃದಯದ ಸುತ್ತ ಹಳದಿ ಕೆನೆ ಕಟ್ಟಿದಂಥ ಪೊರೆ. ಇ. ಕೊಲೈ ಬ್ಯಾಕ್ಟೀರಿಯಾ ಎಂದರು. ಯಾವ ಔಷಧ ತರಲಿ ಸರ್ ಅಂದೆ. ಅವರು, "ಮೊದಲು ಇಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಸಲ ಉಸಿರು ಎಳ್ಕೊಳ್ರಿ" ಅಂದರು. ಕೂತೆ. ಕಣ್ಣು ಉರಿದು ನೀರು ಬಂತು.

ಅದು ಅಮೋನಿಯಾ. ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಹಿಕ್ಕೆ ಬಿದ್ದು ಒದ್ದೆಯಾದರೆ ಹುಟ್ಟುವ ಗಾಳಿ. ದಿನಾ ನಿಂತು ಓಡಾಡುವ ನನ್ನ ಮೂಗಿಗೆ ಅದು ರೂಢಿಯಾಗಿಬಿಟ್ಟಿತ್ತು, ಕೋಳಿ ಮಾತ್ರ ಹಗಲೂ ರಾತ್ರಿ ಅದರಲ್ಲೇ ಮಲಗುತ್ತಿತ್ತು. ಕೋಳಿಯ ಶ್ವಾಸನಾಳದೊಳಗೆ ಧೂಳನ್ನು ಹೊರಗೆ ತಳ್ಳುವ ಸಣ್ಣ ಕೂದಲಿನಂಥ ಎಳೆಗಳಿರುತ್ತವೆ. ಅಮೋನಿಯಾ ಅವನ್ನೇ ಸುಡುತ್ತದೆ. ಇ. ಕೊಲೈ ಎಲ್ಲಿಂದಲೋ ಬರಬೇಕಾಗಿಲ್ಲ, ಆರೋಗ್ಯವಾಗಿರುವ ಕೋಳಿಯ ಕರುಳಲ್ಲೂ ಶೆಡ್ಡಿನ ಧೂಳಲ್ಲೂ ಇದ್ದೇ ಇರುತ್ತದೆ. ಕಾವಲು ಹೋದ ಮೇಲೆ ಆ ಧೂಳಿನ ಜೊತೆ ಒಳಗಿಳಿಯುತ್ತದೆ, ಅಷ್ಟೇ.

ಹೊಟ್ಟು ಒದ್ದೆ ಮಾಡಿದ್ದು ನಾನೇ. ಎರಚಲಿಗೆ ಹೆದರಿ ಶೆಡ್ಡಿನ ಪರದೆಯನ್ನು ನಾಲ್ಕೂ ಕಡೆ ಪೂರ್ತಿ ಇಳಿಸಿದ್ದೆ, ಒಳಗಿನ ತೇವ ಹೊರಹೋಗುತ್ತಿರಲಿಲ್ಲ. ಮರಿ ಬೆಳೆದರೂ ನಿಪ್ಪಲ್ ಸಾಲು, ಅಂದರೆ ಕೋಳಿ ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ಮೊಳೆಗಳಿರುವ ಪೈಪು, ಎತ್ತರಿಸಿರಲಿಲ್ಲ, ಕೋಳಿ ಕುತ್ತಿಗೆ ಬಗ್ಗಿಸಿ ಕುಡಿಯುವಾಗ ನೀರು ಸೋರುತ್ತಿತ್ತು. ಈಗ ದಿನಾ ಒಂದು ಹಿಡಿ ಹೊಟ್ಟು ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ. ಉಂಡೆ ಕಟ್ಟಿದರೆ ಆ ಜಾಗ ಕೆದಕಿ, ಒಣ ಹೊಟ್ಟು ಹಾಕಿ, ಪರದೆಯ ಮೇಲ್ಭಾಗ ಒಂದಷ್ಟು ತೆರೆದು ಕೆಟ್ಟ ಗಾಳಿ ಹೊರಹೋಗುವಂತೆ ಮಾಡುತ್ತೇನೆ.

ಗದಗ, ರೋಣ, ಮುಂಡರಗಿ ಕಡೆಯ ಗೆಳೆಯರಿಗೆ ನೀರಿನದೇ ಚಿಂತೆ ಜಾಸ್ತಿ. ಬೋರಿನ ಗಡಸು ನೀರು ಪೈಪಿನೊಳಗೆ ಬಿಳಿ ಪದರ ಕಟ್ಟುತ್ತದೆ, ಅದರ ಮೇಲೆ ಲೋಳೆ ಬೆಳೆಯುತ್ತದೆ, ಲೋಳೆಯೇ ಬ್ಯಾಕ್ಟೀರಿಯಾದ ಮನೆ. ನಾವು ನೀರಲ್ಲಿ ಬೆಲ್ಲ, ವಿಟಮಿನ್ ಬೆರೆಸಿ ಕೊಟ್ಟಾಗ ಅದಕ್ಕೂ ಊಟ ಸಿಗುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದೆ ಅಂತ ಸುಮ್ನೆ ಕೂರಬೇಡಿ, ಕ್ಷಾರ ಜಾಸ್ತಿ ಇರುವ ನೀರಿನಲ್ಲಿ ಅದರ ಕ್ಲೋರಿನ್ ಕೆಲಸ ಕಡಿಮೆ. ಸಾಲಿನ ಕಟ್ಟಕಡೆಯ ನಿಪ್ಪಲಿನ ನೀರು ಹಿಡಿದು ಪರೀಕ್ಷೆ ಮಾಡಿ. ಬ್ಯಾಚ್ ಹೋದ ಮೇಲೆ ಪೈಪನ್ನೂ ತೊಳೆಯಿರಿ, ಬರೀ ನೆಲ ತೊಳೆದರೆ ಸಾಲದು.

ಇಲಿ, ಹೊಟ್ಟಿನೊಳಗಿನ ಕಪ್ಪು ಹುಳ, ಊರೂರು ತಿರುಗುವ ಮೊಟ್ಟೆ ಟ್ರೇ, ಇವೆಲ್ಲ ಸಾಲ್ಮೊನೆಲ್ಲಾ ಎಂಬ ಇನ್ನೊಂದು ರೋಗದ ಬ್ಯಾಕ್ಟೀರಿಯಾ ಹೊತ್ತು ತರಬಲ್ಲವು. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆಯುವುದಂತೂ ಬೇಡವೇ ಬೇಡ, ನಾಯಿ ಅದನ್ನು ಪಕ್ಕದ ಫಾರಂಗೇ ಎಳೆದುಕೊಂಡು ಹೋಗುತ್ತದೆ. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ.

ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ಹಾಕುವುದನ್ನು ಬಿಡೋಣ. ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ, ಅದು ಮನುಷ್ಯರಿಗೆ ಬೇರೆ ಔಷಧ ನಾಟದಾಗ ಕೊಡುವ ಕೊನೆಯ ಔಷಧಗಳಲ್ಲೊಂದು. ಸತ್ತ ಕೋಳಿಯನ್ನು ಪರೀಕ್ಷೆಗೆ ಕೊಟ್ಟು, ಯಾವ ಔಷಧ ನಾಟುತ್ತದೆ ಅಂತ ತಿಳಿದುಕೊಂಡೇ ಹಾಕಿ.

ಹಾಂ, ನೀರಿನಲ್ಲಿ ಲಸಿಕೆ ಕೊಡುವುದಿದ್ದರೆ ಹಿಂದಿನ ದಿನವೇ ಕ್ಲೋರಿನ್ ನಿಲ್ಲಿಸಿ, ಇಲ್ಲದಿದ್ದರೆ ಲಸಿಕೆಯೇ ಸತ್ತುಹೋಗುತ್ತದೆ. ನಮಸ್ಕಾರ.